ಕಿವಿ ಹಿಂಡಿಸಿಕೊಂಡ ಹಾರುವ ತಟ್ಟೆ

ನಾನು ತಟ್ಟೆಯಣ್ಣನನ್ನು ಮೊದಲು ನೋಡಿದ್ದು ನನ್ನ ಫೋನು ಬಸ್ಸಿನ ಮೆಟ್ಟಿಲಿನಿಂದ ಉರುಳಿದ ದಿನ. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸಕ್ಕೆ ಸೇರಿ ಇನ್ನೂ ಹೊಸದು. ಫೋನೂ ಹೊಸದು. ಎತ್ತಿಕೊಂಡು ನೋಡಿದರೆ ಗಾಜಿನ ಮೇಲೆ ಜೇಡ ಬಲೆ ಕಟ್ಟಿದ ಹಾಗಿತ್ತು. ಗ್ರಂಥಾಲಯದ ಹಿಂದಿನ ಬೀದಿಯಲ್ಲಿ ಒಂದು ರಿಪೇರಿ ಅಂಗಡಿ ಇದೆ, ಕೆಲಸ ಚೆನ್ನಾಗಿ ಮಾಡುತ್ತಾನೆ, ಆದರೆ ಮಾತಿಗೆ ಕೂತರೆ ಎದ್ದು ಬರುವುದು ಕಷ್ಟ ಎಂದು ಕಾವಲುಗಾರ ಹೇಳಿದ. ನಾನು ಎಚ್ಚರಿಕೆಯ ಅರ್ಧವನ್ನು ಮರೆತು ಹೋದೆ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಅಂಗಡಿಗೂ ಮನೆಗೂ ನಡುವೆ ಒಂದು ಹೂವಿನ ಪರದೆ. ಮೇಜಿನ ಮೇಲೆ ಹೊಟ್ಟೆ ಬಗೆಸಿಕೊಂಡ ಟಿವಿ, ಬಾಲ ಕಳೆದುಕೊಂಡ ಇಸ್ತ್ರಿಪೆಟ್ಟಿಗೆ, ಕಿವಿ ಕಿತ್ತ ರೇಡಿಯೊ. ಸೋಲ್ಡರಿಂಗ್ ಐರನ್ನಿನಿಂದ ಎಳೆ ಹೊಗೆ ಏಳುತ್ತಿತ್ತು. ಅದರ ಹಿಂದೆ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಒಬ್ಬ ಮನುಷ್ಯ. ತಲೆ ಎತ್ತದೆಯೇ ಕೈಚಾಚಿ ಫೋನು ತೆಗೆದುಕೊಂಡ.

"ಬಿದ್ದದ್ದಾ?"

"ಹೌದಣ್ಣ, ಬಸ್ಸಿಂದ."

"ಬಸ್ಸಿಂದ ಬಿದ್ದದ್ದು ಇವತ್ತು. ಮೂಲದಲ್ಲಿ ಎಲ್ಲಿಂದ ಬಿದ್ದದ್ದು, ಅದು ಗೊತ್ತಾ?"

ಅಂಗಡಿಯಿಂದ ಕೊಂಡದ್ದು ಎಂಬುದಷ್ಟೇ ನನಗೆ ಗೊತ್ತಿತ್ತು, ಹಾಗೆಯೇ ಹೇಳಿದೆ. ಅವನು ಭೂತಗನ್ನಡಿ ತೆಗೆದು ನನ್ನನ್ನು ಕನಿಕರದಿಂದ ನೋಡಿದ. ಆಮೇಲೆ ಸ್ಕ್ರೂಡ್ರೈವರನ್ನು ನೆಟ್ಟಗೆ ಮೇಲಕ್ಕೆ ತೋರಿಸಿದ. ನಾನೂ ತಲೆ ಎತ್ತಿ ನೋಡಿದೆ. ಫ್ಯಾನಿತ್ತು, ಅದರ ಪಕ್ಕ ಒಂದು ಹಲ್ಲಿ ಇತ್ತು.

"ಫ್ಯಾನಿಗಿಂತ ಮೇಲೆ," ಎಂದ.

ಹೀಗೆ ಶುರುವಾಯಿತು. ಎಲ್ಲೋ ಮರುಭೂಮಿಯಲ್ಲಿ ಒಂದು ಹಾರುವ ತಟ್ಟೆ ಕೆಟ್ಟು ಬಿತ್ತಂತೆ. ದೊಡ್ಡ ದೇಶದವರು ಅದನ್ನು ಹೊತ್ತೊಯ್ದು, ಬಿಚ್ಚಿ, ಒಳಗಿದ್ದದ್ದನ್ನು ನೋಡಿ ನೋಡಿ ನಕಲು ಹೊಡೆದರಂತೆ. ಟ್ರಾನ್ಸಿಸ್ಟರು, ಚಿಪ್ಪು, ಲೇಸರು, ಬೆಳಕು ಹರಿಯುವ ಗಾಜಿನ ತಂತಿ ಎಲ್ಲವೂ ಅಲ್ಲಿನವೇ. ನನಗೆ ಪರಿಚಯವಾಗುವ ಹೊತ್ತಿಗೆ ಈ ಪಟ್ಟಿ ಬೆಳೆದು, ತಳ ಹಿಡಿಯದ ಬಾಣಲೆ, ಚರ್ರನೆ ಕಿತ್ತು ಬರುವ ಚಪ್ಪಲಿಯ ಪಟ್ಟಿ ದಾಟಿ, ಪ್ಯಾಂಟಿನ ಜಿಪ್ಪಿನವರೆಗೂ ಬಂದಿತ್ತು.

"ಜಿಪ್ಪು ಅದಕ್ಕಿಂತ ಮುಂಚೆಯೇ ಇತ್ತಲ್ಲ ಅಣ್ಣ," ಅಂದೆ.

"ಹಾಗಾದ್ರೆ ಅದಕ್ಕಿಂತ ಮುಂಚೆಯೂ ಒಂದು ಬಿದ್ದಿರಬೇಕು," ಎಂದು ಅವನು ನನ್ನ ಫೋನಿನ ಗಾಜನ್ನು ಎಬ್ಬಿಸತೊಡಗಿದ.

ನಮ್ಮ ಮನೆತನದಲ್ಲಿ ಪದವಿ ಮುಗಿಸಿದ ಮೊದಲಿಗ ನಾನು. ಪುಸ್ತಕದಲ್ಲಿದ್ದದ್ದನ್ನು ನಂಬಿ ಬೆಳೆದವನು. ಇಂಥ ಮಾತನ್ನು ಕೇಳಿ ಸುಮ್ಮನೆ ಎದ್ದು ಬರಲು ನನ್ನಿಂದ ಆಗಲಿಲ್ಲ. ಮಾರನೆಯ ವಾರ ಗ್ರಂಥಾಲಯದಿಂದ ಎರಡು ಪುಸ್ತಕ ಹೊತ್ತುಕೊಂಡು ಹೋದೆ. ಟ್ರಾನ್ಸಿಸ್ಟರು ಒಂದು ಬೆಳಗ್ಗೆ ಆಕಾಶದಿಂದ ಉದುರಿದ್ದಲ್ಲ; ಅದಕ್ಕೂ ಎಷ್ಟೋ ವರ್ಷ ಮೊದಲೇ ಜನ ಹರಳಿನ ಚೂರಿಗೆ ತಂತಿ ತಾಗಿಸಿ ರೇಡಿಯೊ ಕೇಳುತ್ತಿದ್ದರು; ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹಿಡಿದು, ಸೋತು, ಜಗಳವಾಡಿ, ಮತ್ತೆ ಹಿಡಿದು ಮಾಡಿದ್ದು ಎಂದು ಓದಿ ಹೇಳಿದೆ. ತಟ್ಟೆಯಣ್ಣ ಪೂರ್ತಿ ಕೇಳಿದ. "ಚೆನ್ನಾಗಿ ಓದ್ತೀಯ," ಎಂದ. ಅಂದಿನಿಂದ ನನ್ನ ಹೆಸರು "ಲೈಬ್ರರಿ" ಆಯಿತು. ಅಷ್ಟು ದೂರದಿಂದ ದಾರಿ ತಪ್ಪದೆ ಬಂದವರು ಇಳಿಯುವಾಗ ಯಾಕಣ್ಣ ಬಿದ್ದರು ಎಂದು ಕೇಳಿದ್ದಕ್ಕೆ, ಲೋಕ ಸುತ್ತಿ ಬಂದವನು ಮನೆ ಹೊಸ್ತಿಲಲ್ಲಿ ಎಡವುವುದಿಲ್ಲವೇ ಎಂದು ನನ್ನನ್ನೇ ಕೇಳಿದ. ಆ ದಿನ ಗೆದ್ದವನು ಅವನೇ.

ತಟ್ಟೆಯಣ್ಣ ಎಂಬ ಹೆಸರು ಬೀದಿಯವರು ಇಟ್ಟದ್ದು. ಅವನ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತೇನೆ. ಆ ಹೆಸರಿಗೆ ಅವರ ಹತ್ತಿರ ಬೇರೆ ಕಾರಣವಿತ್ತು. "ಹಾರುವ ತಟ್ಟೆಯನ್ನ ಕಣ್ಣಾರೆ ಕಂಡಿದ್ದೀನಿ ಅಂತ ಇವರು ಹೇಳೋದು ಸುಳ್ಳಲ್ಲ," ಎಂದರು ಒಮ್ಮೆ ಪರದೆಯ ಆಚೆಯಿಂದ. "ಮದುವೆಯಾದ ಹೊಸದರಲ್ಲಿ ನಾನೇ ಎಸೆದದ್ದು."

ಈ ನಂಬಿಕೆ ಅವನಿಗೆ ಎಲ್ಲಿಂದ ಅಂಟಿತು ಎಂಬುದನ್ನೂ ಹೇಳಬೇಕು. ಇಪ್ಪತ್ತರ ಪ್ರಾಯದಲ್ಲಿ ಅವನು ಒಬ್ಬ ರೇಡಿಯೊ ರಿಪೇರಿ ಯಜಮಾನರ ಕೈಕೆಳಗೆ ಕೆಲಸ ಕಲಿತ. ಯಜಮಾನರ ತುಟಿಯ ನಡುವೆ ಸದಾ ಎರಡು ಸ್ಕ್ರೂ ಇರುತ್ತಿದ್ದವು. ಬಾಯಿ ಬಿಟ್ಟರೆ ಸ್ಕ್ರೂ ಬೀಳುತ್ತದೆಂದು ಅವರು ಮಾತನ್ನೇ ಬಿಟ್ಟಿದ್ದರು. ಅಂಗಡಿಯ ಮೂಲೆಯಲ್ಲಿ ಒಂದು ತಗಡಿನ ಡಬ್ಬಿ. ಅದರೊಳಗೆ ಚಿಲ್ಲರೆ ಭಾಗಗಳ ನಡುವೆ ಒಂದು ವಿಚಿತ್ರ ವಸ್ತು ಅವನಿಗೆ ಸಿಕ್ಕಿತು. ಅಂಗಿಯ ಗುಂಡಿಯಷ್ಟು ಅಗಲ, ಫಳಫಳ ಹೊಳೆಯುವ ಲೋಹ, ಟೋಪಿಯ ಹಾಗೆ ಸುತ್ತ ಅಂಚು, ಕೆಳಗೆ ಎಂಟು ಸಣ್ಣ ಕಾಲು. ಅದರಲ್ಲಿ ಒಂದು ಕಾಲು ತಿರುಚಿಕೊಂಡಿತ್ತು. ಮೈಮೇಲೆ ಯಾವ ಭಾಷೆಯ ಒಂದಕ್ಷರವೂ ಇಲ್ಲ. ಆಗ ಅವನಿಗೆ ಗೊತ್ತಿದ್ದದ್ದು ಮೂರು ಕಾಲಿನ ಟ್ರಾನ್ಸಿಸ್ಟರು ಮಾತ್ರ. ಇದೆಲ್ಲಿಂದ ಬಂತು ಎಂದು ಯಜಮಾನರನ್ನು ಕೇಳಿದ. ಯಜಮಾನರು ಸ್ಕ್ರೂಗಳನ್ನು ಒಂದು ಕೆನ್ನೆಗೆ ಸರಿಸಿ ಹೇಳಿದ್ದು ಮೂರೇ ಮಾತು: "ಮೇಲಿಂದ ಬಿದ್ದ ಮಾಲು."

ಅದೇ ದಿನಗಳಲ್ಲಿ ಯಾವುದೋ ಪತ್ರಿಕೆಯಲ್ಲಿ ಹಾರುವ ತಟ್ಟೆಯ ಚಿತ್ರ ನೋಡಿದ್ದನಂತೆ. ಆ ಚಿತ್ರವನ್ನೂ ಈ ಗುಂಡಿಯನ್ನೂ ಪಕ್ಕಪಕ್ಕ ಇಟ್ಟರೆ ತಾಯಿ ಮಗುವಿನ ಹಾಗಿದ್ದವು. ಇನ್ನೇನು ಬೇಕು? ಯಜಮಾನರು ಅಂಗಡಿ ಮುಚ್ಚುವಾಗ ನಿನಗೇನು ಕೊಡಲಿ ಎಂದು ಕೇಳಿದರೆ ಇವನು ಅದನ್ನೇ ಕೇಳಿ ಪಡೆದ. ಹತ್ತಿಯಲ್ಲಿ ಸುತ್ತಿ, ಮಾತ್ರೆಯ ಡಬ್ಬಿಯಲ್ಲಿಟ್ಟು, ಮೇಜಿನ ಡ್ರಾಯರಿಗೆ ಬೀಗ ಹಾಕಿದ. ಮೈಮೇಲೆ ಅಕ್ಷರವಿಲ್ಲವಲ್ಲ ಎಂದರೆ, ಮನಸ್ಸಿನಲ್ಲೇ ಮಾತಾಡುವವರಿಗೆ ಅಕ್ಷರ ಯಾಕೆ ಎನ್ನುತ್ತಿದ್ದ. ಕಾಲು ಯಾಕೆ ತಿರುಚಿದೆ ಎಂದರೆ, ಅಷ್ಟು ಎತ್ತರದಿಂದ ನೀನು ಬಿದ್ದಿದ್ದರೆ ನಿನ್ನ ಕಾಲು ನೆಟ್ಟಗಿರುತ್ತಿತ್ತೇ ಎನ್ನುತ್ತಿದ್ದ. ಒಮ್ಮೆ ನಾನು ಹಳೆಯ ಪುಸ್ತಕವೊಂದರಲ್ಲಿ ಥೇಟ್ ಅಂಥದ್ದೇ ಚಿಪ್ಪಿನ ಚಿತ್ರ ತೋರಿಸಿದೆ. ಅವನು ಖುಷಿಯಿಂದ ತಲೆದೂಗಿ, "ನೋಡು, ಎಷ್ಟು ಚೆನ್ನಾಗಿ ನಕಲು ಮಾಡಿದಾರೆ," ಎಂದ. ಮೀಟರು ಹಚ್ಚಿ ಪರೀಕ್ಷಿಸಿದ್ದೀಯಾ ಅಣ್ಣ ಎಂದು ಕೇಳಿದಾಗ ಮಾತ್ರ ಅವನಿಗೆ ನಿಜವಾಗಿ ಬೇಸರವಾಯಿತು. ಹಿರಿಯರ ಬಾಯಿ ತೆರೆಸಿ ಹಲ್ಲು ಎಣಿಸಿದ ಹಾಗಾಗುತ್ತದೆ ಎಂದ.

ಈ ನಂಬಿಕೆಗೆ ಮನೆಯಲ್ಲೇ ಒಬ್ಬರು ವೈರಿ ಇದ್ದರು, ಅವನ ಅತ್ತೆ. ನಾನು ಅವರನ್ನು ಅಜ್ಜಿ ಎನ್ನುತ್ತೇನೆ. ಅಜ್ಜಿ ಪ್ರಾಯದಲ್ಲಿ ಊರಾಚೆಯ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ದುಡಿದವರು. ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು, ಕೂದಲಿಗಿಂತ ತೆಳ್ಳನೆಯ ತಂತಿ ಅಂಟಿಸುವ ಕೆಲಸ. ಹೆಣ್ಣು ಕೇಳಲು ಬಂದ ದಿನ ತಟ್ಟೆಯಣ್ಣ, ಭಾವೀ ಅತ್ತೆ ಅಲ್ಲಿ ಏನು ಮಾಡುತ್ತಾರೆ ಎಂಬುದನ್ನು ಸರಿಯಾಗಿ ತಿಳಿಯದೆ, ಇಂಥ ಸೂಕ್ಷ್ಮ ಕೆಲಸ ಮನುಷ್ಯರ ಕೈಲಿ ಆಗುವಂಥದ್ದಲ್ಲ ಎಂದು ಭಾಷಣ ಬಿಗಿದ. ಅಜ್ಜಿ ಅವನ ಕಡೆ ತಿರುಗಲಿಲ್ಲ. ಮಗಳಿಗೆ ಹೇಳಿದರು: "ಹಾಗಾದ್ರೆ ನಾನು ಯಾವ ಪ್ರಾಣಿ ಅಂತ ಅವರನ್ನ ಕೇಳು."

ಮಗಳು ಕೇಳಿದಳು. ಅವನು ತಡವರಿಸಿ, ಹೊರಗಿಂದ ಬಂದದ್ದನ್ನು ಅಲ್ಲಿ ಡಬ್ಬಿಗೆ ತುಂಬುತ್ತಾರೇನೋ ಎಂದುಕೊಂಡೆ ಎಂದ. ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು. ಮದುವೆಯೇನೋ ನಡೆಯಿತು, ಹುಡುಗಿ ಒಪ್ಪಿಬಿಟ್ಟಿದ್ದಳು. ಆದರೆ ಅತ್ತೆ ಅಳಿಯ ಅಂದಿನಿಂದ ನೇರ ಮಾತಾಡಲಿಲ್ಲ. ಕಣ್ಣು ಮಂಜಾಗಿ ಅಜ್ಜಿ ಮಗಳ ಮನೆಗೇ ಬಂದು ನೆಲೆಸಿದ ಮೇಲೂ ಅದೇ ನಿಯಮ. ಪರದೆಯ ಈಚೆ ಅಳಿಯ, ಆಚೆ ಅತ್ತೆ, ನಡುವೆ ಅತ್ತಿಗೆ ಅಂಚೆಯಣ್ಣನ ಹಾಗೆ. ಚಹಾದ ಲೋಟ ಮುಂದಿಟ್ಟುಕೊಂಡು ನಾನು ಎಷ್ಟೋ ಸಲ ಈ ಟಪಾಲು ಸೇವೆ ನೋಡಿದ್ದೇನೆ. ರೇಡಿಯೊ ಸದ್ದು ಕಡಿಮೆ ಮಾಡೋಕೆ ನಿನ್ನ ಗಂಡನಿಗೆ ಹೇಳು. ನಿಮ್ಮಮ್ಮನಿಗೆ ಹೇಳು, ಇದು ರಿಪೇರಿಗೆ ಬಂದ ರೇಡಿಯೊ, ಸದ್ದು ಮಾಡಲೇಬೇಕು. ಆ ಡಬ್ಬಿಯ ವಸ್ತುವನ್ನು ಒಮ್ಮೆ ಮುಟ್ಟಿಯಾದರೂ ನೋಡಮ್ಮ ಎಂದು ಮಗಳು ಕರೆದರೆ, "ಅವರ ತಟ್ಟೆ ಅವರೇ ತೊಳ್ಕೊಳ್ಳಲಿ," ಎನ್ನುತ್ತಿದ್ದರು. ಅಜ್ಜಿಗೆ ಸಿಟ್ಟು ಬಂದಾಗ ಒಂದೇ ಬೈಗುಳ: "ಕಿವಿ ಹಿಂಡಿ ಕೆಳಗೆ ಹಾಕಬೇಕು." ಟಿವಿಯಲ್ಲಿ ಮಾತಾಡುವ ದೊಡ್ಡ ಮನುಷ್ಯರಿಗೂ ಅದೇ, ತೂಕದಲ್ಲಿ ಮೋಸ ಮಾಡುವ ತರಕಾರಿಯವನಿಗೂ ಅದೇ, ಅಳಿಯನಿಗಂತೂ ದಿನವೂ ಅದೇ.

ಇಷ್ಟರಲ್ಲಿ ಮುಖ್ಯ ರಸ್ತೆಯಲ್ಲಿ ಗಾಜಿನ ಬಾಗಿಲಿನ ಹೊಸ ಅಂಗಡಿ ಬಂತು. ಒಳಗೆ ತಣ್ಣನೆ ಗಾಳಿ, ಒಂದೇ ಬಣ್ಣದ ಅಂಗಿ ತೊಟ್ಟ ಹುಡುಗಿಯರು. ಕೆಟ್ಟ ಫೋನು ತಂದರೆ ರಿಪೇರಿ ಯಾಕೆ, ಹೊಸದೇ ತಗೊಳ್ಳಿ ಎನ್ನುವ ವ್ಯವಹಾರ. ತಟ್ಟೆಯಣ್ಣನ ಬೆಂಚು ಖಾಲಿಯಾಗುತ್ತ ಬಂತು. ಬರುತ್ತಿದ್ದ ಕೆಲವರೂ ತಟ್ಟೆಯ ಕತೆ ಕೇಳಲು, ಡ್ರಾಯರಿನ ಬೀಗ ತೆಗೆಸಿ ಆ ಗುಂಡಿಯನ್ನು ನೋಡಲು ಬರುವವರು. ನೋಡಿದ ಮುಲಾಜಿಗೆ ಒಂದು ಚಾರ್ಜರನ್ನೋ ಮಿಕ್ಸಿಯನ್ನೋ ರಿಪೇರಿಗೆ ಕೊಟ್ಟು ಹೋಗುತ್ತಿದ್ದರು. ಆ ಎಂಟು ಕಾಲಿನ ಮೇಲೆಯೇ ಅಂಗಡಿ ನಿಂತಿದೆ ಎಂದು ಅತ್ತಿಗೆ ನಗುತ್ತಲೇ ಹೇಳಿದರು. ಆದರೆ ಆಮೇಲೆ ನಗು ಮುಂದುವರಿಯಲಿಲ್ಲ.

ಆಗಲೇ ಯಾರೋ ಗಿರಾಕಿ ಅವನ ಮಾತನ್ನು ಫೋನಿನಲ್ಲಿ ಹಿಡಿದು ಎಲ್ಲ ಕಡೆ ಹರಿಬಿಟ್ಟ. ಅದನ್ನು ನೋಡಿ ಒಂದು ಟಿವಿ ಚಾನೆಲ್ಲಿನವರು ಚಿತ್ರೀಕರಣಕ್ಕೆ ಬರುತ್ತೇವೆ ಎಂದರು. ತಟ್ಟೆಯಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇದೊಂದು ಆಗಿಬಿಟ್ಟರೆ ಗಾಜಿನ ಬಾಗಿಲಿನವನು ಬಂದು ನಮ್ಮ ಬೆಂಚಿನ ಮೇಲೆ ಕೂರಬೇಕು, ಆಗದಿದ್ದರೆ ನಾನು ಹೋಗಿ ಅವನ ಹತ್ತಿರ ಕೆಲಸ ಕೇಳಬೇಕು ಎಂದ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ.

ಚಾನೆಲ್ಲಿನವರು ಬಂದ ಬೆಳಗ್ಗೆ ನಾನೂ ಇದ್ದೆ. ಪ್ರಶ್ನೆ ಕೇಳುವ ಹುಡುಗನೊಬ್ಬ, ಕ್ಯಾಮೆರಾ ಹೊತ್ತ ಹುಡುಗಿಯೊಬ್ಬಳು ಬಂದರು. ತಟ್ಟೆಯಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಗಡ್ಡ ಹೆರೆಯುವಾಗ ಗಲ್ಲ ಕೊಯ್ದುಕೊಂಡಿದ್ದ. ಮರುಭೂಮಿಯಿಂದ ಜಿಪ್ಪಿನವರೆಗೆ ಎಲ್ಲವನ್ನೂ ಹೇಳಿದ. ಒಳಗೆ ಕುಕ್ಕರು ಕೂಗಿದ್ದರಿಂದ ಜಿಪ್ಪನ್ನು ಎರಡನೇ ಸಲ ಹೇಳಬೇಕಾಯಿತು. ಹತ್ತಿ ಬಿಡಿಸಿ ಗುಂಡಿಯನ್ನು ಅಂಗೈ ಮೇಲಿಟ್ಟು ತೋರಿಸಿದ. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆದರೆ ಪ್ರಶ್ನೆಯ ಹುಡುಗನಿಗೆ ಮನೆಯ ಹಿರಿಯರದೂ ಒಂದು ಮಾತು ಬೇಕೆನಿಸಿತು. ಯಾರೂ ತಡೆಯುವ ಮುಂಚೆ ಪರದೆ ಸರಿಸಿ, ಅಜ್ಜಿಯ ಕೈಯಲ್ಲಿ ಆ ಗುಂಡಿಯನ್ನು ಇಟ್ಟುಬಿಟ್ಟ.

ತಟ್ಟೆಯಣ್ಣ ಅದನ್ನು ಕಸಿದುಕೊಳ್ಳಲು ಧಾವಿಸಿ, ಪರದೆಯ ಹತ್ತಿರವೇ ನಿಂತುಬಿಟ್ಟ.

ಅಜ್ಜಿಯ ಕಣ್ಣು ಎಲ್ಲೋ ಇತ್ತು. ಬೆರಳು ಮಾತ್ರ ಗುಂಡಿಯ ಅಂಚನ್ನು ಸುತ್ತಿ ಬಂತು, ಕಾಲುಗಳನ್ನು ಒಂದೊಂದಾಗಿ ಸವರಿತು, ತಿರುಚಿದ ಕಾಲಿನ ಹತ್ತಿರ ನಿಂತಿತು. ಅಲ್ಲಿಂದ ಕದಲಲಿಲ್ಲ. ಅಜ್ಜಿಯ ತುಟಿ ಒಂದು ಕ್ಷಣ ಸೊಟ್ಟಗಾಯಿತು, ಅದು ನಗುವೋ ಅಳುವೋ ಗೊತ್ತಾಗಲಿಲ್ಲ.

"ಹೇಳಿ ಅಜ್ಜಿ, ನಿಮ್ಮ ಪ್ರಕಾರ ಇದು ಎಲ್ಲಿಂದ ಬಂದದ್ದು?"

"ಮೇಲಿಂದಾನೇ ಬಂದದ್ದು," ಎಂದರು ಅಜ್ಜಿ. "ಅದರಲ್ಲಿ ಅನುಮಾನ ಬೇಡ."

ಹುಡುಗ ಹಿಗ್ಗಿಹೋದ. ಕ್ಯಾಮೆರಾದವಳು ಅಜ್ಜಿಯ ಬೆರಳನ್ನು ಹತ್ತಿರದಿಂದ ತೆಗೆದಳು. ಅವರು ಗಂಟು ಕಟ್ಟಿಕೊಂಡು ಬೀದಿ ದಾಟುವವರೆಗೂ ತಟ್ಟೆಯಣ್ಣ ಬಾಗಿಲಲ್ಲಿ ನಿಂತು ಕೈ ಬೀಸಿದ. ಒಳಗೆ ಬಂದು, ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳು ಎಂದು ಹೆಂಡತಿಗೆ ಹೇಳುವುದರಲ್ಲಿದ್ದ.

"ಅಳಿಯಂದ್ರೇ, ಇಲ್ಲಿ ಬನ್ನಿ," ಎಂದರು ಅಜ್ಜಿ.

ನೇರವಾಗಿ. ಮದುವೆಯಾದ ಮೇಲೆ ಮೊದಲ ಸಲ. ಅತ್ತಿಗೆ ಸೌಟು ಹಿಡಿದುಕೊಂಡೇ ಓಡಿ ಬಂದರು.

"ಮೇಲಿಂದ ಅಂದ್ರೆ ಎಷ್ಟು ಮೇಲಿಂದ ಅಂತ ಆ ಹುಡುಗ ಕೇಳಲೇ ಇಲ್ಲ. ಮೊದಲನೇ ಮಹಡಿ. ಕಿಟಕಿ ಪಕ್ಕದ ಮೇಜು."

ಆಮೇಲೆ ಅಜ್ಜಿ ಬಿಡಿಸಿ ಹೇಳಿದರು. ಕಾರ್ಖಾನೆಯಲ್ಲಿ ಕಟ್ಟುವುದು, ಪರೀಕ್ಷಿಸುವುದು ಎಲ್ಲ ಮೊದಲನೇ ಮಹಡಿಯಲ್ಲಿ. ಪರೀಕ್ಷೆಯಲ್ಲಿ ಸೋತ ಭಾಗ ಒಳ್ಳೆಯದರ ಜೊತೆ ಬೆರೆಯಬಾರದೆಂದು ಇಕ್ಕಳದಲ್ಲಿ ಅದರ ಒಂದು ಕಾಲು ತಿರುಚಿ ಗುರುತು ಮಾಡುತ್ತಿದ್ದರು. ಅದಕ್ಕೆ ಅಲ್ಲಿಯ ಹೆಂಗಸರು ಇಟ್ಟ ಹೆಸರು ಕಿವಿ ಹಿಂಡುವುದು. ಹಿಂಡಿ ತಗಡಿನ ಕೊಳವೆಗೆ ಹಾಕಿದರೆ ಅದು ಜಾರಿ ಕೆಳಗಿನ ಗುಜರಿ ಕೋಣೆಗೆ ಬೀಳುತ್ತಿತ್ತು. ಕೆಳಗಿನವರ ಬಾಯಲ್ಲಿ ಅದು ಮೇಲಿಂದ ಬಿದ್ದ ಮಾಲು. ಯಜಮಾನರು ಅವರಿಂದಲೇ ಒಂದು ಹಿಡಿ ತಂದಿರಬೇಕು. ಎಲ್ಲರೂ ಬಲಕ್ಕೆ ತಿರುಚುತ್ತಿದ್ದರು. ಇದು ಎಡಕ್ಕೆ ತಿರುಚಿದೆ. ಆ ಇಡೀ ಮಹಡಿಯಲ್ಲಿ ಎಡಗೈಯವರು ಒಬ್ಬರೇ.

ತಟ್ಟೆಯಣ್ಣ ಮೌಖಿಕ ಪರೀಕ್ಷೆಗೆ ನಿಂತವನ ಹಾಗೆ, ಹಾಗಾದರೆ ಮೈಮೇಲೆ ಅಕ್ಷರ ಯಾಕಿಲ್ಲ ಎಂದು ಕೇಳಿದ.

"ಪಾಸಾದ ಮೇಲೆ ಅಲ್ವೇ ಹೆಸರು ಒತ್ತೋದು? ನಪಾಸಾದವಕ್ಕೆ ಹೆಸರೆಲ್ಲಿಂದ ಬರಬೇಕು?"

"ಮತ್ತೆ ಕ್ಯಾಮೆರಾ ಮುಂದೆ ಯಾಕೆ ಹೇಳಲಿಲ್ಲ ಅತ್ತೆ?"

"ಅಂಗಡಿ ಮುಚ್ಚಿದ್ರೆ ನನ್ನ ಮಗಳು ಏನು ತಿನ್ನಬೇಕು, ಆ ಅಂಗಡಿಯವನ ಗಾಜಾ? ಸುಳ್ಳೂ ಹೇಳಿಲ್ಲ ನಾನು. ಮೇಲಿಂದ ಅಂದೆ, ಮೇಲೇ ಕೂತಿದ್ದೆ." ಗುಂಡಿಯನ್ನು ಅಳಿಯನ ಕಡೆಗೆ ಚಾಚಿ ಹೇಳಿದರು: "ನನ್ನ ಕಣ್ಣು ಹೋದದ್ದು ಅಲ್ಲಿ. ಅದನ್ನ ನೀವು ಯಾರ್ಯಾರ ಹೆಸರಿಗೋ ಬರೆದುಬಿಟ್ಟಿರಿ."

ತಟ್ಟೆಯಣ್ಣ ಗುಂಡಿಯನ್ನು ಮೇಜಿನ ಮೇಲಿಟ್ಟು, ಅಷ್ಟು ವರ್ಷ ಮಾಡದಿದ್ದ ಕೆಲಸ ಮಾಡಿದ. ಮೀಟರು ಹಚ್ಚಿದ. ಭಾಗ ಸರಿಯಿದ್ದರೆ ಕೂಗಬಾರದ ಕಾಲಿನಲ್ಲಿ ಮೀಟರು ಕುಂಯ್ ಎಂದಿತು.

"ಸತ್ತಿದೆ," ಎಂದ.

"ನಾನು ಹಿಂಡಿದ ಮೇಲೆ ಬದುಕಿದ್ದು ಒಂದೂ ಇಲ್ಲ," ಎಂದು ಅಜ್ಜಿ ಅಳಿಯನ ಕಡೆಗೇ ಮುಖ ಮಾಡಿ ಹೇಳಿದರು.

ಮಾರನೆಯ ದಿನ ಅವನು ಚಾನೆಲ್ಲಿಗೆ ಫೋನು ಮಾಡಿ, ಆ ಮೇಲು ಬೇರೆ ಮೇಲು ಎಂದು ವಿವರಿಸಿದನಂತೆ. ಆಚೆಯ ಹುಡುಗ ಸಮಾಧಾನವಾಗಿ ಕೇಳಿ, ಮೊದಲನೇ ಮಹಡಿಯ ಕತೆಗೆ ಯಾರು ಸಾರ್ ಟಿವಿ ಹಚ್ಚುತ್ತಾರೆ ಎಂದು ಫೋನಿಟ್ಟ. ಕಾರ್ಯಕ್ರಮ ಬಂತು. ಅಜ್ಜಿಯ ಬೆರಳು, ಹಿಂದೆ ಎದೆ ನಡುಗಿಸುವ ಸಂಗೀತ, "ಮೇಲಿಂದಾನೇ ಬಂದದ್ದು" ಮೂರು ಸಲ. ಅಂಗಡಿಯ ಮುಂದೆ ಜನ ಸೇರಿದರು. ಬೆಂಚು ಸಾಲದೆ ನಾನು ಗ್ರಂಥಾಲಯದಿಂದ ಎರಡು ಸ್ಟೂಲು ತಂದೆ.

ಮೊದಲು ಬಂದವರು ನಿವೃತ್ತ ಬಸ್ ಚಾಲಕರೊಬ್ಬರು. ತುಂಬಾ ದೂರದಿಂದ ಬಂದಿದ್ದೇನೆ, ಒಂದು ಸಲ ಮುಟ್ಟಲು ಕೊಡಿ ಎಂದರು. ತಟ್ಟೆಯಣ್ಣ ಬೀಗ ತೆಗೆದ. ಡಬ್ಬಿ ತೆರೆದ. ಅವನ ಕೈ ಹತ್ತಿಯ ಮೇಲೆ ಒಂದು ಗಳಿಗೆ ನಿಂತಿತು. ಬೆಂಚಿನ ತುಂಬ ಜನ ಕೂತಿದ್ದರು. ಎಷ್ಟೋ ತಿಂಗಳ ಮೇಲೆ ಕೂತ ಜನ. ಪರದೆಯ ಆಚೆ ಅಜ್ಜಿ ಕೆಮ್ಮಲೂ ಇಲ್ಲ.

"ಇದು ನಮ್ಮತ್ತೆ ಕೈಲಿ ನಪಾಸಾದದ್ದು," ಎಂದ ತಟ್ಟೆಯಣ್ಣ. "ಅವರ ಕಾರ್ಖಾನೆಯ ಮಾಲು. ನಾನು ತಪ್ಪು ತಿಳ್ಕೊಂಡಿದ್ದೆ."

ಎಲ್ಲ ಮುಗಿಯಿತು ಎಂದುಕೊಂಡೆ. ಬಸ್ ಚಾಲಕರು ಗುಂಡಿಯನ್ನೂ ತಟ್ಟೆಯಣ್ಣನ ಮುಖವನ್ನೂ ಬಾರಿಬಾರಿಗೆ ನೋಡಿದರು. ಪಕ್ಕದವನ ಕಿವಿಗೆ ಬಾಗಿ, ಇಡೀ ಅಂಗಡಿಗೆ ಕೇಳುವಷ್ಟು ಮೆಲ್ಲಗೆ, "ಬಾಯಿ ಮುಚ್ಚಿಸಿದಾರೆ. ಮೇಲಿಂದ ಒತ್ತಡ ಬಂದಿದೆ," ಎಂದರು.

"ಬಂದಿರೋದು ನಿಜ," ಎಂದಿತು ಪರದೆಯ ಆಚೆಯ ದನಿ.

ಜನ ಮತ್ತಷ್ಟು ಹೆಚ್ಚಾದರು. ಅವನು ಸತ್ಯ ಹೇಳಿದಷ್ಟೂ, ಪಾಪ ಎಷ್ಟು ಹೆದರಿಸಿದ್ದಾರೋ ಎಂದು ಮರುಗಿ, ಒಂದೊಂದು ಕೆಟ್ಟ ಸಾಮಾನು ರಿಪೇರಿಗೆ ಕೊಟ್ಟು ಹೋದರು. ಕೆಲವರಿಗೆ ಮಾತ್ರ ಅಜ್ಜಿಯ ಕತೆಯೇ ರುಚಿಸಿತು. ಅವರಿಗಾಗಿ ಅತ್ತಿಗೆ ಪರದೆಯನ್ನು ಒಂದು ಬದಿಗೆ ಕಟ್ಟಿದರು, ಅಜ್ಜಿಯ ಕುರ್ಚಿ ಅಂಗಡಿಗೆ ಬಂತು. ಸೂಕ್ಷ್ಮದರ್ಶಕದ ಮುಂದೆ ಸೀನು ಬಂದರೆ ಏನು ಮಾಡಬೇಕು ಎಂಬುದನ್ನು ಅವರು ಅಭಿನಯಿಸಿ ತೋರಿಸುತ್ತಾರೆ. ಆ ವಿಷಯದ ಮೇಲೆ ಯಾವ ಪುಸ್ತಕವನ್ನೂ ತಂದುಕೊಡಲು ನನ್ನಿಂದ ಆಗಿಲ್ಲ.

ತಟ್ಟೆಯಣ್ಣ ಪೂರ್ತಿ ಬದಲಾದ ಎಂದು ಹೇಳಿದರೆ ತಪ್ಪಾಗುತ್ತದೆ. ಮೊನ್ನೆ ಮೊನ್ನೆ ಮೆಲ್ಲಗೆ ಕೇಳಿದ, ನಿಮ್ಮ ಕಾರ್ಖಾನೆಯವರಿಗೆ ಇದನ್ನೆಲ್ಲ ಕಲಿಸಿಕೊಟ್ಟವರು ಯಾರು ಅತ್ತೆ ಎಂದು.

"ಒಬ್ಬ ಬೋಳುತಲೆ ಸೂಪರ್‌ವೈಸರು," ಎಂದರು ಅಜ್ಜಿ. "ಹೆಂಗಸರ ಜೊತೆ ಮಾತಾಡೋಕೇ ಬರ್ತಿರಲಿಲ್ಲ. ಅವನು ಬೇಕಾದ್ರೆ ನಿಮ್ಮ ತಟ್ಟೆಯವರ ಕಡೆಯವನಿರಬಹುದು."

ತಟ್ಟೆಯಣ್ಣ ಈಗಲೂ ಅದೇ ಕೋಣೆಯಲ್ಲಿ ಫೋನು, ರೇಡಿಯೊ, ಮಿಕ್ಸಿ ರಿಪೇರಿ ಮಾಡುತ್ತಾನೆ. ಡ್ರಾಯರಿಗೆ ಬೀಗವಿಲ್ಲ. ಕೆಟ್ಟ ಭಾಗ ಸಿಕ್ಕರೆ ಇಕ್ಕಳದಲ್ಲಿ ಅದರ ಒಂದು ಕಾಲನ್ನು ಬಲಕ್ಕೆ ತಿರುಚಿ, ಮೇಜಿನ ಕೆಳಗಿನ ಡಬ್ಬಿಗೆ ಹಾಕುತ್ತಾನೆ.